ಅಕ್ಕಾ, ಇವತ್ತು ಅಂಜಲ್ ಯಾಕಿಲ್ಲ? ನಮ್ಮ ಮೀನು ವ್ಯಾಪಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಏಳು ಜನ ಹೆಂಗಸರು, ಕುಂದಾಪುರದ ಕಡೆಯವರು. ಗಂಗೊಳ್ಳಿ ಬಂದರಿನಿಂದಲೂ ಅಕ್ಕಪಕ್ಕದ ದಡಗಳಿಂದಲೂ ಮೀನು ಕೊಂಡು ಮನೆಮನೆಗೆ ಮುಟ್ಟಿಸುತ್ತೇವೆ. ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಬರೆದು ಸಾಕಾಗಿದೆ. ಅದೂ ಒದ್ದೆ ಕೈಯಲ್ಲಿ ಮುಟ್ಟಿದರೆ ಫೋನಿನ ಸ್ಕ್ರೀನ್ ಕೆಲಸವೇ ಮಾಡುವುದಿಲ್ಲ! ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇವೆ. ಕೆಲವು ಪ್ರಶ್ನೆ ಗಿರಾಕಿಗಳದ್ದು, ಕೆಲವು ನಮ್ಮ ಹಾಗೇ ಶುರು ಮಾಡಬೇಕು ಅಂತಿರುವ ಹೆಂಗಸರದ್ದು. ಬೆರೆಸಿಯೇ ಹಾಕಿದ್ದೇವೆ, ನಿಮಗೆ ಬೇಕಾದ್ದು ಓದಿಕೊಳ್ಳಿ.

ಇವತ್ತು ಅಂಜಲ್ ಯಾಕಿಲ್ಲ?

ಅಂಜಲ್ (ಇಂಗ್ಲಿಷಿನಲ್ಲಿ ಸೀರ್ ಫಿಶ್) ಬಲೆಗೆ ಬೀಳಲಿಲ್ಲ, ಅದಕ್ಕೇ ಇಲ್ಲ. ಸಿಟ್ಟು ಮಾಡಿಕೊಳ್ಳಬೇಡಿ, ಇದೇ ನಿಜವಾದ ಉತ್ತರ.

ನಮಗೆ ಮೀನು ಕೊಡುವವರಲ್ಲಿ ಹೆಚ್ಚಿನವರು ನಾಡದೋಣಿಯವರು, ಅಂದರೆ ಸಣ್ಣ ದೋಣಿಯವರು. ಮೂರು ನಾಲ್ಕು ಜನ ಕಂತಬಲೆ ಹಾಕಿಕೊಂಡು ನಸುಕಿನಲ್ಲಿ ಹೋಗುತ್ತಾರೆ, ಒಂಬತ್ತು ಹತ್ತು ಗಂಟೆಗೆ ವಾಪಸ್ ಬರುತ್ತಾರೆ. ಒಂದು ದಿನ ಬುಟ್ಟಿ ತುಂಬ ನಂಗ್, ಇನ್ನೊಂದು ದಿನ ಬರೀ ಕೊಡ್ಡಾಯಿ, ಮತ್ತೊಂದು ದಿನ ಬಲೆಗೆ ಸಿಕ್ಕಿಕೊಂಡ ಹತ್ತು ಏಡಿ ಬಿಟ್ಟರೆ ಏನೂ ಇಲ್ಲ. ಅಂಜಲ್, ಪಾಂಫ್ರೆಟ್, ದೊಡ್ಡ ಕಾಣೆ ಮಾತ್ರ ಬೇಕು ಅನ್ನುವವರಿಗೆ ನಮ್ಮ ಹತ್ತಿರ ತಿಂಗಳಲ್ಲಿ ನಾಲ್ಕೈದು ದಿನ ಮೀನು ಸಿಗಬಹುದು. ಬಂದದ್ದು ತಿನ್ನುತ್ತೇನೆ ಅನ್ನುವವರಿಗೆ ಹೆಚ್ಚುಕಮ್ಮಿ ದಿನಾ ಸಿಗುತ್ತದೆ.

ಇದನ್ನೇ ಮೊದಲು ಹಾಕಿದ್ದಕ್ಕೆ ಕಾರಣ ಇದೆ. ನಮ್ಮ ವ್ಯಾಪಾರ ನಿಂತಿರುವುದೇ ಇದರ ಮೇಲೆ. ದೋಣಿಯವನು ತಂದದ್ದನ್ನೆಲ್ಲ ನಾವು ಕೊಳ್ಳಬೇಕಾದರೆ ನಾವು ಕೊಂಡದ್ದನ್ನು ತಿನ್ನುವವರು ಬೇಕು.

ಮೀನು ಎಲ್ಲಿಂದ ತರುತ್ತೀರಿ? ಬಂದರಿನ ಏಲಂನಲ್ಲಾ?

ಎರಡೂ ಕಡೆಯಿಂದ. ದೊಡ್ಡ ದೋಣಿಗಳ ಮೀನು ಬೇಕಾದಾಗ ಬಂದರಿಗೆ ಹೋಗುತ್ತೇವೆ. ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ನೆಲದ ಮೇಲೆ ಮೀನು ರಾಶಿ ಹಾಕುತ್ತಾರೆ, ಕೂಗುವವನು ಕೂಗುತ್ತಾನೆ, ನಾವು ರಾಶಿ ನೋಡುತ್ತಾ ನಿಲ್ಲುತ್ತೇವೆ. ಮೇಲಿನ ಸಾಲು ಯಾವಾಗಲೂ ಚೆಂದವೇ ಇರುತ್ತದೆ. ಅಡಿಯಿಂದ ಒಂದು ಬಂಗುಡೆ ಎಳೆದು ಕಿವಿ (ಕಿವಿರು) ಬಿಡಿಸಿ ನೋಡಬೇಕು, ಹೊಟ್ಟೆ ಒತ್ತಿ ನೋಡಬೇಕು. ಕಿವಿ ಕೆಂಪಗಿದ್ದು ಹೊಟ್ಟೆ ಗಟ್ಟಿ ಇದ್ದರೆ ಮಾತ್ರ ಬಾಯಿ ತೆಗೆಯುವುದು. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಅತ್ತೆ. ಅವರು ನಲವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಗದ್ದೆ ಬದುವಿನಲ್ಲಿ ಮೀನು ಮಾರಿದವರು. ಏಲಂನಲ್ಲಿ ಯಾವತ್ತೂ ಮೊದಲು ಮಾತಾಡುತ್ತಿರಲಿಲ್ಲ. ಸುಮ್ನೆ ನಿಂತಿರುತ್ತಿದ್ದರು. ಕೂಗು ನಿಲ್ಲುವ ಹೊತ್ತಿಗೆ ಒಂದು ಬೆರಳು ಎತ್ತುತ್ತಿದ್ದರು, ಅಷ್ಟೇ.

ನಾಡದೋಣಿಯ ಮೀನಿಗೆ ಏಲಂ ಇಲ್ಲ. ಅದನ್ನು ದಡದಲ್ಲೇ ಕೊಳ್ಳುತ್ತೇವೆ. ಸದ್ಯಕ್ಕೆ ಹನ್ನೊಂದು ದೋಣಿಯವರ ಜೊತೆ ನಮ್ಮ ಲೆಕ್ಕ ಇದೆ.

ನಿಮ್ಮ ಹತ್ತಿರ ಕೊಂಡರೆ ಮೀನುಗಾರನಿಗೆ ನಿಜವಾಗಿ ಏನು ಲಾಭ?

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದಕ್ಕೇ ಹೇಳಬೇಕು.

ಸಣ್ಣ ದೋಣಿಯವನ ಕಷ್ಟ ಕಡಲಿನಲ್ಲಿ ಮಾತ್ರ ಇರುವುದಲ್ಲ, ದಡಕ್ಕೆ ಬಂದ ಮೇಲೆ ಶುರುವಾಗುತ್ತದೆ. ಎಂಜಿನ್ ಕೆಟ್ಟಿತು, ಬಲೆ ಹರಿಯಿತು, ಮಗಳ ಮದುವೆ ಬಂತು ಅಂದಾಗ ಕೈಯಲ್ಲಿ ದುಡ್ಡಿರುವುದಿಲ್ಲ. ದಲ್ಲಾಳಿ ಮುಂಗಡ ಕೊಡುತ್ತಾನೆ. ಬಡ್ಡಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವತ್ತಿನಿಂದ ಮೀನೆಲ್ಲ ಅವನಿಗೇ ಹೋಗಬೇಕು. ಬೆಲೆ ಅವನು ಹೇಳಿದ್ದು, ಕಮಿಷನ್ ಅವನು ಹಿಡಿದದ್ದು, ದುಡ್ಡು ಅವನು ಕೊಟ್ಟಾಗ. ಎಲ್ಲ ದಲ್ಲಾಳಿಗಳೂ ಕೆಟ್ಟವರು ಅಂತ ಅಲ್ಲ. ಬ್ಯಾಂಕಿನವರು ಬಾಗಿಲು ತೆಗೆಯದ ರಾತ್ರಿಯಲ್ಲಿ ದುಡ್ಡು ಕೊಡುವವರು ಅವರೇ, ಅದನ್ನೂ ಹೇಳಬೇಕಲ್ವಾ. ಆದರೆ ಆ ಗಂಟು ಒಮ್ಮೆ ಬಿದ್ದರೆ ಬಿಚ್ಚುವುದು ಕಷ್ಟ.

ಇನ್ನೊಂದು ವಿಷಯ. ದೊಡ್ಡ ಖರೀದಿದಾರನಿಗೆ ಬೇಕಾಗುವುದು ಹೋಟೆಲಿಗೆ, ರಫ್ತಿಗೆ ಹೋಗುವ ಮೀನು. ಬಲೆಯಲ್ಲಿ ಎರಡು ಅಂಜಲ್, ಮೂರು ಪಾಂಫ್ರೆಟ್, ಉಳಿದದ್ದು ಒಂದು ಬುಟ್ಟಿ ನಂಗ್, ಕೊಡ್ಡಾಯಿ, ಸಣ್ಣ ತೊರಕೆ, ಏಡಿ ಇದ್ದರೆ ಅವನು ಮೊದಲಿನ ಐದನ್ನು ಎತ್ತಿಕೊಂಡು ಹೋಗುತ್ತಾನೆ. ಆ ಬುಟ್ಟಿಗೆ ಬೆಲೆ ಇಲ್ಲ. ಬೆಲೆ ಇಲ್ಲ ಅಂದರೆ ಮೀನು ಚೆನ್ನಾಗಿಲ್ಲ ಅಂತ ಅಲ್ಲ, ಅದನ್ನು ಕೇಳುವವರು ಅಲ್ಲಿ ನಿಂತಿಲ್ಲ ಅಂತ.

ಆ ಬುಟ್ಟಿಗೆ ಮೊದಲಿನಿಂದಲೂ ಬೆಲೆ ಕಟ್ಟಿದವರು ಹೆಂಗಸರು. ಇದೇನೂ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಯಾವ ಕೇರಿಗೆ ಹೋದರೂ ಗಂಡಸರು ಬಲೆ ಎಳೆದರು, ಹೆಂಗಸರು ಮೀನನ್ನು ದುಡ್ಡು ಮಾಡಿದರು. ನಾವು ಅದಕ್ಕೆ ಫೋನು, ಐಸ್ ಪೆಟ್ಟಿಗೆ, ಒಂದು ಓಮ್ನಿ ಸೇರಿಸಿದ್ದೇವೆ ಅಷ್ಟೇ.

ನಮ್ಮಲ್ಲಿ ನಡೆಯುವುದು ಹೀಗೆ. ಬುಟ್ಟಿ ಪೂರ್ತಿ ಕೊಳ್ಳುತ್ತೇವೆ, ಆರಿಸುವುದಿಲ್ಲ (ತೀರಾ ಸಣ್ಣ ಮೀನು, ಮೊಟ್ಟೆ ಇರುವ ಏಡಿ ಬಿಟ್ಟು, ಅದರ ಮಾತು ಮುಂದೆ ಇದೆ). ತೂಕ ದೋಣಿಯವನ ಎದುರಿಗೇ. ದುಡ್ಡು ಅವತ್ತೇ, ಅರ್ಧ ಕೈಗೆ, ಅರ್ಧ ಅವರ ಮನೆಯ ಹೆಂಗಸಿನ ಖಾತೆಗೆ. ಈ ಕೊನೆಯದ್ದಕ್ಕೆ ಮೊದಮೊದಲು ದೋಣಿಯವರು ಒಪ್ಪಲಿಲ್ಲ. "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕ?" ಅಂತ ಒಬ್ಬರು ಮುಖ ಊದಿಸಿಕೊಂಡು ಎರಡು ವಾರ ಮೀನೇ ಕೊಡಲಿಲ್ಲ. ಆಮೇಲೆ ಅವರ ಹೆಂಡತಿಯೇ ಬಂದು ನಾಳೆಯಿಂದ ಕೊಡುತ್ತಾರೆ ಅಂತ ಹೇಳಿ ಹೋದರು. ಮನೆಯಲ್ಲಿ ಏನು ಮಾತಾಯಿತು ಅಂತ ನಾವು ಕೇಳಲಿಲ್ಲ.

ಇಷ್ಟರಿಂದ ಇಡೀ ಕರಾವಳಿ ಬದಲಾಗಿಬಿಡುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕರ್ನಾಟಕದ ಕಡಲತೀರ ಸುಮಾರು 320 ಕಿಲೋಮೀಟರ್ ಇದೆ, ನಮ್ಮದು ಹನ್ನೊಂದು ದೋಣಿ. ಒಂದು ದೊಡ್ಡ ಟ್ರಾಲ್ ಬೋಟಿನ ಮೀನು ಕೊಳ್ಳುವ ಶಕ್ತಿ ನಮಗಿಲ್ಲ.

ರೇಟು ದಿನಾ ಯಾಕೆ ಬದಲಾಗುತ್ತದೆ? ನಿನ್ನೆ ಬಂಗುಡೆ ಕಡಿಮೆ ಇತ್ತಲ್ಲ?

ನಿನ್ನೆ ಜಾಸ್ತಿ ಬಂದಿತ್ತು, ಇವತ್ತು ಕಡಿಮೆ ಬಂತು.

ಬೈಗೆಯ ಉದಾಹರಣೆ ತೆಗೆದುಕೊಳ್ಳಿ. ಕುಂದಾಪುರದವರ ಬೈಗೆ, ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ ಎಲ್ಲ ಒಂದೇ ಮೀನು. ಬಡವರ ಮೀನು ಅಂತಲೇ ಹೆಸರು. ನಾನು ಸಣ್ಣವಳಿದ್ದಾಗ ಜಾಸ್ತಿಯಾದ ಬೈಗೆಯನ್ನು ತೆಂಗಿನ ಬುಡಕ್ಕೆ ಗೊಬ್ಬರ ಮಾಡುತ್ತಿದ್ದರು. ಅದೇ ಮೀನು ಕೆಲವು ವರ್ಷ ಕಾಣಿಸುವುದೇ ಇಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೈಗೆ 2021ರಲ್ಲಿ 3,297 ಟನ್ನಿಗೆ ಇಳಿದಿತ್ತು ಅಂತ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಲೆಕ್ಕ. ಲಕ್ಷದಿಂದ ಸಾವಿರಕ್ಕೆ! ನೀರಿನ ಬಿಸಿ, ಮಳೆ, ಮೀನಿಗೆ ಸಿಗುವ ಆಹಾರ, ನಾವು ಹಿಡಿಯುವ ರೀತಿ ಎಲ್ಲ ಸೇರಿ ಹಾಗಾಗುತ್ತದೆ. ಅಂಥ ವರ್ಷ ಬೈಗೆಗೆ ಬಂಗುಡೆಯ ರೇಟು ಬಂದರೆ ಅದು ನಮ್ಮ ಆಸೆಬುರುಕತನ ಅಲ್ಲ.

ಡೀಸೆಲ್, ಸೀಮೆಎಣ್ಣೆ, ಐಸು ಕೂಡ ರೇಟಿನಲ್ಲಿ ಸೇರಿರುತ್ತವೆ. ನಾಡದೋಣಿಯ ಎಂಜಿನ್‌ಗೆ ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಬರದಿದ್ದರೆ ಆ ದೋಣಿ ದಡದಲ್ಲೇ ಇರುತ್ತದೆ.

ಒಂದು ಕೆಜಿಗೆ ದುಡ್ಡು ಕೊಟ್ಟರೆ ಮನೆಗೆ ಬಂದದ್ದು ಮುಕ್ಕಾಲು ಕೆಜಿಯೂ ಇಲ್ಲ. ಇದು ಮೋಸ ಅಲ್ವಾ?

ಅಲ್ಲ. ಮೀನು ತೂಗುವುದು ಇಡಿಯಾಗಿ. ಆಮೇಲೆ ತಲೆ, ಕರುಳು, ರೆಕ್ಕೆ, ಹುರುಪೆ ಎಲ್ಲ ಹೋಗುತ್ತದೆ. ಸಿಗಡಿಯಲ್ಲಂತೂ ತಲೆ ಸಿಪ್ಪೆ ತೆಗೆದರೆ ಹತ್ತಿರ ಹತ್ತಿರ ಅರ್ಧವೇ ಕಡಿಮೆಯಾಗುತ್ತದೆ. ಶುದ್ಧ ಮಾಡಿದ ಮೇಲಿನ ತೂಕಕ್ಕೇ ರೇಟು ಹಾಕಿ ಅಂದರೆ ಹಾಕುತ್ತೇವೆ, ರೇಟು ಮಾತ್ರ ಅದಕ್ಕೆ ತಕ್ಕ ಹಾಗೆ ಏರುತ್ತದೆ. ಲೆಕ್ಕ ಎರಡೂ ಒಂದೇ. ಅಂಜಲ್ ತಲೆ ಬೇಡ ಅನ್ನುವವರು ದಯವಿಟ್ಟು ಮೊದಲೇ ಹೇಳಿ, ಅದಕ್ಕೆ ಕಾಯುವವರು ಬೇರೆ ಇದ್ದಾರೆ.

ಇದು ಇವತ್ತೇ ಹಿಡಿದ ಮೀನಾ? ಫಾರ್ಮಾಲಿನ್ ಹಾಕಿಲ್ಲ ತಾನೆ?

ನಾಡದೋಣಿಯದ್ದು ಅಂತ ಬರೆದಿದ್ದರೆ ಇವತ್ತಿನದ್ದು. ಬೋಟಿನದ್ದು ಅಂತ ಬರೆದಿದ್ದರೆ ಅಲ್ಲ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಎಂಟು ಹತ್ತು ದಿನ ಕಡಲಲ್ಲೇ ಇದ್ದು ಬರುತ್ತವೆ, ಮೊದಲ ದಿನ ಹಿಡಿದ ಮೀನೂ ಅದರಲ್ಲಿರುತ್ತದೆ. "ಎಲ್ಲ ಇವತ್ತಿನದ್ದೇ" ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನ ಪಡಿ. ಬೋಟಿನಲ್ಲಿ ಸರಿಯಾಗಿ ಐಸ್ ಹಾಕಿದ ಮೀನು, ಬಿಸಿಲಲ್ಲಿ ಎರಡು ಗಂಟೆ ಬಿದ್ದಿದ್ದ ಇವತ್ತಿನ ಮೀನಿಗಿಂತ ಎಷ್ಟೋ ಒಳ್ಳೆಯದು.

ಮೀನು ಕೆಡದ ಹಾಗೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅನ್ನುವ ಸುದ್ದಿ 2018ರಲ್ಲಿ ಕೇರಳ, ಗೋವಾಗಳಲ್ಲಿ ಜೋರಾಗಿ ಬಂತು. ಆ ವರ್ಷ ನಮ್ಮ ಕಡೆಯೂ ಜನ ಮೀನು ಬಿಟ್ಟರು. ದಡದಿಂದ ಮೂರು ಗಂಟೆಯಲ್ಲಿ ಮನೆಗೆ ಹೋಗುವ ಮೀನಿಗೆ ಯಾರು ಯಾಕೆ ರಾಸಾಯನಿಕ ಹಾಕುತ್ತಾರೆ ಅಂತ ಹೇಳಿದರೂ ಕೇಳುವವರಿರಲಿಲ್ಲ. ಪರೀಕ್ಷೆ ಮಾಡುವ ಕಾಗದದ ಕಿಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಮಾಡಿದೆ. ನಮ್ಮ ಹತ್ತಿರ ಒಂದು ಡಬ್ಬಿ ಇದೆ, ಅನುಮಾನ ಇದ್ದವರು ಬಂದು ತಾವೇ ಪರೀಕ್ಷೆ ಮಾಡಬಹುದು.

ಜನ ಹೆದರಬೇಕಾದ ವಿಷಯ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಬಂಗುಡೆ, ಕೇದರದಂಥ (ಟ್ಯೂನಾ) ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ಮೈ ತುರಿಸುವುದು, ತಲೆನೋವು. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮತ್ತೆ ಐಸ್ ಹಾಕಿದರೂ ಹೋಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದೇ ನಿಯಮ: ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸು, ಒಂದು ಪದರ ಐಸು ಒಂದು ಪದರ ಮೀನು, ಪೆಟ್ಟಿಗೆಯ ತಳದಲ್ಲಿ ನೀರು ಹೋಗಲು ತೂತು. ಕರಗಿದ ನೀರಿನಲ್ಲಿ ಮೀನು ಮುಳುಗಿದ್ದರೆ ಐಸ್ ಹಾಕಿಯೂ ಪ್ರಯೋಜನ ಇಲ್ಲ.

ನೀವೂ ಒಂದು ಉಪಕಾರ ಮಾಡಿ. ಆಫೀಸಿಗೆ ತರಿಸಿಕೊಂಡು ಸಂಜೆವರೆಗೆ ಮೇಜಿನ ಕೆಳಗೆ ಇಟ್ಟು, ರಾತ್ರಿ "ಮೀನು ವಾಸನೆ ಬರುತ್ತಿದೆ" ಅಂತ ಮೆಸೇಜ್ ಹಾಕಬೇಡಿ.

ಮಳೆಗಾಲದಲ್ಲಿ ನಿಮ್ಮ ಕಥೆ ಏನು?

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಇದು ಕರ್ನಾಟಕದ ನಿಯಮ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಮೀನುಗಾರ ತನ್ನ ವಂತಿಗೆ ಕಟ್ಟಿದ್ದರೆ ಕೇಂದ್ರ, ರಾಜ್ಯ ಎರಡೂ ಪಾಲು ಸೇರಿಸಿ ಕೊಡುವ ಉಳಿತಾಯ ಪರಿಹಾರ ಯೋಜನೆ ಇದೆ, ಆದರೆ ಮಾರುವ ಹೆಂಗಸಿನ ಎರಡು ತಿಂಗಳಿಗೆ ಅದರಿಂದ ಏನೂ ಆಗುವುದಿಲ್ಲ.

ನಾಡದೋಣಿಗೆ ಮಾತ್ರ ಮಳೆಗಾಲದಲ್ಲಿ ಅವಕಾಶ ಇದೆ. ನಮ್ಮವರು ಕಾಯುವುದು ತೂಫಾನ್‌ಗೆ. ಒಮ್ಮೆ ಕಡಲು ಚೆನ್ನಾಗಿ ಕಲಕಿ ತಣ್ಣಗಾದರೆ ಅಳಿವೆ ಬಾಯಲ್ಲಿ ಸಿಗಡಿ ಬರುತ್ತದೆ. ಅಂಥ ಎರಡು ಮೂರು ದಿನ ಸಿಕ್ಕಿದರೆ ಆ ತಿಂಗಳ ಅಕ್ಕಿಗೆ ದಾರಿಯಾಯಿತು. ಗಂಗೊಳ್ಳಿಯ ಹತ್ತಿರ ಐದು ಹೊಳೆ ಕೂಡಿ ಕಡಲು ಸೇರುತ್ತವೆ, ಪಂಚಗಂಗಾವಳಿ ಅಂತ. ಆ ನೀರಿನಲ್ಲಿ ಹೊಳೆಮೀನು, ಏಡಿ ಸಿಗುತ್ತದೆ. ಉಳಿದ ದಿನಗಳಿಗೆ ಒಣಮೀನು.

ನೂಲು ಹುಣ್ಣಿಮೆಗೆ ಸಮುದ್ರ ಪೂಜೆ. ಹಾಲು, ತೆಂಗಿನಕಾಯಿ ಕಡಲಿಗೆ ಬಿಡುತ್ತಾರೆ. ಆ ದಿನ ನಮಗೆ ಫೋನ್ ಮಾಡಬೇಡಿ, ತೆಗೆಯುವುದಿಲ್ಲ.

ಒಣಮೀನು ಮರಳಿನ ಮೇಲೆ ಒಣಗಿಸುತ್ತೀರಾ?

ಇಲ್ಲ. ಮೊದಲು ಹಾಗೇ ಮಾಡುತ್ತಿದ್ದೆವು, ಈಗ ಸೊಂಟದೆತ್ತರಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿ ಮೇಲೆ ಬಲೆ ಹಾಸಿದ್ದೇವೆ. ಕೆಳಗಿನಿಂದಲೂ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಹಲ್ಲಿಗೆ ಮರಳು ಸಿಗುವುದಿಲ್ಲ, ನಾಯಿ ಬರುವುದಿಲ್ಲ. ಕಾಗೆ ಬರುತ್ತದೆ. ಕಾಗೆಗೆ ನಮ್ಮ ಗುಂಪಿನ ಹಿರಿಯಮ್ಮ ಒಬ್ಬರು ಕೋಲು ಹಿಡಿದು ಕೂರುತ್ತಾರೆ, ಅದು ಅವರ ಡ್ಯೂಟಿ. ಡ್ಯೂಟಿಯ ಹೊತ್ತಿನಲ್ಲಿ ಅವರು ಧಾರಾವಾಹಿ ನೋಡುತ್ತಾರೆ ಅಂತ ಕಾಗೆಗಳಿಗೂ ಗೊತ್ತಾಗಿದೆ.

ಉಪ್ಪು ಹಾಕುವ ಮೀನಿಗೆ ನಾಲ್ಕು ಕೆಜಿಗೆ ಒಂದು ಕೆಜಿ ಉಪ್ಪು. ಸಣ್ಣ ಕೊಲ್ಲತರು ಉಪ್ಪಿಲ್ಲದೆ ಒಣಗಿಸಿದರೆ ಹತ್ತು ಕೆಜಿಗೆ ಎರಡೂವರೆ ಕೆಜಿ ಸಿಕ್ಕರೆ ಹೆಚ್ಚು. ಒಣಮೀನು ದುಬಾರಿ ಅನ್ನುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ದೋಣಿಯವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಒಂದೇ ದಿನ ಎಲ್ಲರ ಬಲೆಗೂ ಮೀನು ಬಿದ್ದರೆ ಹಸಿಮೀನಿನ ಬೆಲೆ ನೆಲಕ್ಕೆ ಬೀಳುತ್ತದೆ. ಆಗ ಉಳಿಯುವ ದಾರಿ ಫಿಶ್ ಮಿಲ್ಲು, ಅಲ್ಲಿ ಮೀನನ್ನು ಪುಡಿ ಮಾಡಿ ಕೋಳಿಗೆ, ಸಾಕು ಸಿಗಡಿಗೆ ಮೇವು ಮಾಡುತ್ತಾರೆ. ಜನ ತಿನ್ನುವ ಮೀನಿನ ಬೆಲೆ ಅಲ್ಲಿ ಸಿಗುವುದಿಲ್ಲ. ಒಣಗಿಸಲು ಜಾಗ ಇದ್ದರೆ ನಾವು ಆ ದಿನವೂ ಕೊಳ್ಳಬಹುದು. ಈ ಜಾಗದ್ದೇ ಈಗ ಚಿಂತೆ. ದಡದಲ್ಲಿ ಒಣಮೀನಿನ ಜಾಗ ಅಂದರೆ ಹೊರಗಿನವರಿಗೆ ಖಾಲಿ ಜಾಗದ ಹಾಗೆ ಕಾಣುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಹೆಂಗಸರು ಬೀದಿಗಿಳಿದದ್ದು ಸುಮ್ನೆ ಅಲ್ಲ.

ಸಣ್ಣ ಬಂಗುಡೆ, ಮೊಟ್ಟೆ ಇರುವ ಏಡಿ ಯಾಕೆ ಮಾರುವುದಿಲ್ಲ? ರುಚಿ ಅದರದ್ದೇ ಅಲ್ವಾ?

ರುಚಿ ಹೌದು. ಆದರೆ ಒಂದು ಸಲವೂ ಮೊಟ್ಟೆ ಇಡದ ಮೀನನ್ನು ತಿಂದರೆ ಮುಂದಿನ ವರ್ಷ ನಮ್ಮ ಅಂಗಡಿಗೆ ಬೀಗ. ಕೇರಳದಲ್ಲಿ 2015ರಿಂದ ಇದಕ್ಕೆ ಕಾನೂನೇ ಇದೆ, ಬೈಗೆ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಚಿಕ್ಕದು ಹಿಡಿಯುವ ಹಾಗಿಲ್ಲ. ನಾವು ತಕ್ಕಡಿಯ ಪಕ್ಕದಲ್ಲಿ ಶಾಲೆ ಮಕ್ಕಳ ಸ್ಕೇಲು ಇಟ್ಟಿದ್ದೇವೆ. ದೋಣಿಯವರು ಮೊದಲು ನಕ್ಕರು. ಈಗ ಅವರೇ "ಅಕ್ಕ, ಸ್ಕೇಲ್ ತೆಗಿ" ಅನ್ನುತ್ತಾರೆ.

ಹೊಟ್ಟೆಯ ಹೊರಗೆ ಮೊಟ್ಟೆ ಗೊಂಚಲು ಕಾಣುವ ಏಡಿಯನ್ನು ವಾಪಸ್ ಹೊಳೆಗೆ ಬಿಟ್ಟರೆ ಅದರ ಅರ್ಧ ದುಡ್ಡು ನಾವು ಕೊಡುತ್ತೇವೆ. ಇದರಲ್ಲಿ ಒಂದಿಬ್ಬರು ನಮಗೆ ಮೋಸ ಮಾಡುತ್ತಾರೆ ಅಂತ ಅನುಮಾನ ಇದೆ. ಇರಲಿ.

ನಾನೂ ಶುರು ಮಾಡಬೇಕು. ಎಷ್ಟು ದುಡ್ಡು ಬೇಕು? ಸಾಲ ಸಿಗುತ್ತದಾ?

ಮೊದಲ ತಿಂಗಳಿಗೆ ಬೇಕಾದ್ದು ಒಂದು ಒಳ್ಳೆ ತಕ್ಕಡಿ, ಎರಡು ಐಸ್ ಪೆಟ್ಟಿಗೆ, ಕತ್ತಿ, ಮಣೆ, ಮತ್ತು ಮೂರು ದಿನದ ಮೀನಿಗಾಗುವಷ್ಟು ದುಡ್ಡು. ಫ್ರೀಜರ್ ಈಗಲೇ ಬೇಡ. ಫ್ರೀಜರ್ ಇದ್ದರೆ ಉಳಿದ ಮೀನು ಅದರೊಳಗೆ ಹೋಗುತ್ತದೆ, ನಿಮ್ಮ ದುಡ್ಡೂ ಅದರ ಜೊತೆಗೇ ಹೆಪ್ಪುಗಟ್ಟುತ್ತದೆ. ಗಿರಾಕಿ ಎಷ್ಟು ಅಂತ ಗೊತ್ತಾದ ಮೇಲೆ ತೆಗೆದುಕೊಳ್ಳಿ.

ಸಾಲದ ವಿಷಯ. ಮೀನುಗಾರ ಮಹಿಳೆಯರಿಗೆ ಬ್ಯಾಂಕ್ ಮೂಲಕ ಕೊಡುವ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಹೇಳಿತು. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಅಂಗಡಿ, ಐಸ್ ಪೆಟ್ಟಿಗೆ ಇರುವ ಬೈಕು, ಆಟೋಗಳಿಗೆಲ್ಲ ಸಹಾಯಧನ ಇಟ್ಟಿದ್ದಾರೆ, ಸಾಮಾನ್ಯರಿಗೆ ಘಟಕದ ವೆಚ್ಚದ ಶೇ 40, ಹೆಂಗಸರಿಗೆ ಶೇ 60. ಕಿಸಾನ್ ಕ್ರೆಡಿಟ್ ಕಾರ್ಡ್ ಕೂಡ 2018–19ರಿಂದ ಮೀನುಗಾರರಿಗೂ ಇದೆ.

ಕಾಗದದ ಮೇಲೆ ಇಷ್ಟು. ಈಗ ನನ್ನ ಅನುಭವ ಕೇಳಿ. ಒಂದು ಬ್ಯಾಂಕಿನ ಶಾಖೆಗೆ ನಾನು ಆರು ಸಲ ಹೋದೆ. ಪ್ರತಿ ಸಲ ಒಂದು ಹೊಸ ಕಾಗದ ಕೇಳಿದರು. ಕೊನೆಗೆ "ಗಂಡನನ್ನು ಕರೆದುಕೊಂಡು ಬನ್ನಿ" ಅಂದರು. ವ್ಯಾಪಾರ ನನ್ನದು, ಖಾತೆ ನನ್ನದು, ಅವರು ಕಡಲಲ್ಲಿದ್ದಾರೆ ಅಂದೆ. "ಹಾಗಾದರೆ ಅವರು ಬಂದ ಮೇಲೆ ಬನ್ನಿ" ಅಂದರು. ಆಮೇಲೆ ನಾವು ಏಳು ಜನ ಸ್ವಸಹಾಯ ಸಂಘದ ಹೆಸರಿನಲ್ಲಿ, ಎರಡು ವರ್ಷದ ಉಳಿತಾಯದ ಪುಸ್ತಕ ಹಿಡಿದುಕೊಂಡು ಒಟ್ಟಿಗೇ ಇನ್ನೊಂದು ಕಡೆ ಹೋದೆವು. ಒಂದೇ ತಿಂಗಳಲ್ಲಿ ಆಯಿತು. ಹಾಗಾಗಿ ನನ್ನ ಸಲಹೆ, ಮೊದಲು ಸಂಘ, ಆಮೇಲೆ ಸಾಲ. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಹೋಗಿ ಈ ವರ್ಷ ಯಾವ ಯೋಜನೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಅಂತ ಕೇಳಿ. ಫೋನಿನಲ್ಲಿ ಕೇಳಬೇಡಿ, ಎದುರಿಗೆ ನಿಂತು ಕೇಳಿ.

ಲೈಸೆನ್ಸ್ ಬೇಕಾ?

ಬೇಕು. ಆಹಾರ ಸುರಕ್ಷತೆಯವರ ನೋಂದಣಿ ಸಣ್ಣ ವ್ಯಾಪಾರಕ್ಕೂ ಬೇಕು, ಆನ್‌ಲೈನಿನಲ್ಲಿ ಆಗುತ್ತದೆ, ಕಷ್ಟ ಇಲ್ಲ. ಅಂಗಡಿ ಇಡುವುದಾದರೆ ಪಂಚಾಯ್ತಿಯ ಪರವಾನಗಿ. ಉಪ್ಪಿನಕಾಯಿ, ಚಟ್ನಿಪುಡಿ ಪ್ಯಾಕ್ ಮಾಡಿ ಮಾರುವುದಾದರೆ ಚೀಟಿಯ ಮೇಲೆ ತೂಕ, ತಾರೀಖು, ಏನೇನು ಹಾಕಿದ್ದೀರಿ ಅಂತ ಎಲ್ಲ ಇರಬೇಕು.

ಸಾಗಾಟ ಹೇಗೆ? ಈಗ ಬಸ್ಸು ಫ್ರೀ ಅಲ್ವಾ?

ಇದನ್ನು ಘಟ್ಟದ ಮೇಲಿನವರೇ ಕೇಳುವುದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದೂ ಅಲ್ಲದೆ ಮೀನಿನ ಬುಟ್ಟಿ ನೋಡಿದರೆ ಫ್ರೀ ಇರಲಿ, ದುಡ್ಡು ಕೊಟ್ಟರೂ ಹತ್ತಿಸಿಕೊಳ್ಳದ ಕಂಡಕ್ಟರ್‌ಗಳಿದ್ದಾರೆ. ಅತ್ತೆ ಎಷ್ಟೋ ಸಲ ನಡೆದೇ ಬಂದದ್ದುಂಟು. ಕೇರಳದ ತಿರುವನಂತಪುರದಲ್ಲಿ 2021ರಲ್ಲಿ ಮೀನು ಮಾರುವ ಹೆಂಗಸರಿಗೆ ಅಂತಲೇ ಸಮುದ್ರ ಎಂಬ ಹೆಸರಿನ ಬಸ್ಸು ಬಿಟ್ಟರು, ಬುಟ್ಟಿ ಇಡಲು ಜಾಗ ಮಾಡಿ, ಟಿಕೆಟ್ ಇಲ್ಲದೆ. ನಮಗೆ ಆ ಭಾಗ್ಯ ಬರುವವರೆಗೆ ಓಮ್ನಿ.

ಬೆಂಗಳೂರಿಗೆ ಕಳಿಸುತ್ತೀರಾ?

ಒಣಮೀನು, ಸಿಗಡಿ ಚಟ್ನಿಪುಡಿ, ಮೀನಿನ ಉಪ್ಪಿನಕಾಯಿ ಕಳಿಸುತ್ತೇವೆ. ಹಸಿಮೀನು ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ, ವಾರಕ್ಕೆ ಒಂದು ದಿನ, ಹತ್ತು ಮನೆ ಸೇರಿ ಒಂದೇ ಪೆಟ್ಟಿಗೆ ತರಿಸಿಕೊಂಡರೆ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ ಒಮ್ಮೆ ಪೆಟ್ಟು ತಿಂದಿದ್ದೇವೆ. ಒಂದು ಏಪ್ರಿಲ್‌ನಲ್ಲಿ ರಾತ್ರಿ ಬಸ್ಸಿಗೆ ನಾಲ್ಕು ಪೆಟ್ಟಿಗೆ ಹಾಕಿದೆವು. ಬಸ್ಸು ಬೆಳಿಗ್ಗೆ ಮುಟ್ಟಿತು, ಪೆಟ್ಟಿಗೆಗಳನ್ನು ಯಾರೋ ಫುಟ್‌ಪಾತಿನಲ್ಲಿ ಇಳಿಸಿ ಹೋದರು, ತೆಗೆದುಕೊಳ್ಳಬೇಕಾದ ಹುಡುಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ. ಹನ್ನೊಂದು ಗಂಟೆಗೆ ಅವನು ಕಳಿಸಿದ ಫೋಟೋದಲ್ಲಿ ಥರ್ಮಾಕೋಲಿನ ಕೆಳಗಿಂದ ಕೆಂಪು ನೀರು ಹರಿದು ಚರಂಡಿವರೆಗೆ ಹೋಗಿತ್ತು. ಅಷ್ಟೂ ಜನಕ್ಕೆ ದುಡ್ಡು ವಾಪಸ್ ಕೊಟ್ಟೆವು. ದೋಣಿಯವರಿಗೆ ಮೊದಲೇ ಕೊಟ್ಟಾಗಿತ್ತು, ಅವರ ಹತ್ತಿರ ವಾಪಸ್ ಕೇಳುವ ಹಾಗಿರಲಿಲ್ಲ. ಆ ನಷ್ಟ ತೀರಿಸಲು ನಾಲ್ಕು ತಿಂಗಳಾಯಿತು.

ನಾವು ಮೀನುಗಾರರ ಮನೆಯವರಲ್ಲ. ಈ ವ್ಯಾಪಾರ ಮಾಡಬಹುದಾ?

ಮಾಡಬಹುದು. ಆದರೆ ಈಗಾಗಲೇ ಬುಟ್ಟಿ ಇಟ್ಟುಕೊಂಡು ಮಾರುತ್ತಿರುವ ಅಮ್ಮನ ಬೀದಿಗೆ ಹೋಗಿ ಎರಡು ರೂಪಾಯಿ ಕಡಿಮೆಗೆ ಮಾರಬೇಡಿ. ಅವರನ್ನೇ ಜೊತೆಗೆ ಸೇರಿಸಿಕೊಳ್ಳಿ. ಮೀನು ನೋಡುವ ಕಣ್ಣು ಅವರದ್ದು, ಫೋನು ನಿಮ್ಮದು. ನಮ್ಮ ಏಳು ಜನರಲ್ಲಿ ಇಬ್ಬರು ಹಾಗೇ ಬಂದವರು, ಅವರಲ್ಲಿ ಒಬ್ಬಳು ಮದುವೆಯಾಗಿ ಶಿವಮೊಗ್ಗದಿಂದ ಬಂದವಳು. ಬಂದಾಗ ಸಿಗಡಿ ಮುಟ್ಟಲು ಹೆದರುತ್ತಿದ್ದಳು. ಈಗ ಲೆಕ್ಕದ ಪುಸ್ತಕ ಅವಳ ಕೈಯಲ್ಲಿದೆ, ನಮಗೆಲ್ಲ ಅವಳೆಂದರೆ ಹೆದರಿಕೆ.

ಉದ್ರಿ ಕೊಡುತ್ತೀರಾ?

ಇಲ್ಲ. ದೋಣಿಯವರಿಗೆ ನಾವು ಉದ್ರಿ ಹೇಳುವುದಿಲ್ಲ, ಹಾಗಾಗಿ ನಮಗೂ ಹೇಳಬೇಡಿ.

ಸೋಮವಾರ ರಜೆಯಾ?

ಅಂಗಡಿಗೆ ರಜೆ ಇಲ್ಲ, ಗಿರಾಕಿಗಳಿಗೆ ರಜೆ. ಸೋಮವಾರ, ಸಂಕ್ರಾಂತಿ, ಅಷ್ಟಮಿ, ಚೌತಿ ಅಂತ ನೀವು ತಿನ್ನದ ದಿನ ಕಡಲಿಗೆ ಗೊತ್ತಿಲ್ಲವಲ್ಲ, ಮೀನು ಬಂದೇ ಬರುತ್ತದೆ. ಆ ದಿನ ಬಂದದ್ದು ಒಣಗಲು ಹೋಗುತ್ತದೆ. ವ್ರತ ಇಲ್ಲದವರಿಗೆ ಸೋಮವಾರ ರೇಟು ಸ್ವಲ್ಪ ಕಡಿಮೆ, ಇದನ್ನು ಎಲ್ಲರಿಗೂ ಹೇಳಬೇಡಿ.

ಬೈಗೆಗೆ ಮುಳ್ಳು ತೆಗೆದು ಕೊಡುತ್ತೀರಾ? ಮಕ್ಕಳು ತಿನ್ನುವುದಿಲ್ಲ.

ಇಲ್ಲ ಮಾರಾಯ್ರೆ. ಬೈಗೆಯ ಮುಳ್ಳು ತೆಗೆದರೆ ನಿಮಗೆ ಉಳಿಯುವುದು ಚಮಚ ಮಾಂಸ, ನಮಗೆ ಉಳಿಯುವುದು ಬೆರಳು ನೋವು. ಒಂದು ಕೆಲಸ ಮಾಡಿ. ಮಣ್ಣಿನ ಪಾತ್ರೆಯ ತಳಕ್ಕೆ ಬಾಳೆಎಲೆ ಹಾಕಿ, ಮೀನು ಜೋಡಿಸಿ, ಹುಣಸೆಹುಳಿ ಜಾಸ್ತಿ ಹಾಕಿ ಮೆಣಸಿನ ಮಸಾಲೆ ಹಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬಿಡಿ. ಸಣ್ಣ ಮುಳ್ಳೆಲ್ಲ ಮೆತ್ತಗಾಗುತ್ತದೆ. ನಡುವಿನ ಮುಳ್ಳು ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಅದನ್ನು ಬೆಕ್ಕಿಗೆ ಹಾಕಿ.